ಬೆಂಕಿಯಿಲ್ಲದ ಸೈರನ್

ಜಿಗಣಿ
ಭಾನುವಾರ, ೧೪ ಜುಲೈ ೨೦೨೪

ನನ್ನ ಮುದ್ದು ತಂಗಿ ಶೇಖವ್ವ,

ಫೋನಿನಲ್ಲಿ ಹೇಳಿದರೆ ನೀನು ಅಳುತ್ತೀ, ಅರ್ಧ ಮಾತೂ ಕೇಳಿಸಿಕೊಳ್ಳುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಮೈಮೇಲಿನ ಈ ಕಲೆ ಅಂಟುವುದಿಲ್ಲ! ಅಂಟುವುದೇ ಇಲ್ಲ ಶೇಖವ್ವ! ಈಗಲೇ ಹೋಗಿ ಕೂಸನ್ನು ಎತ್ತಿಕೋ. ಉಳಿದದ್ದನ್ನು ಆಮೇಲೆ ಓದು.

ನಿನ್ನೆ ಶಿಫ್ಟ್ ಮುಗಿಸಿ ಚರ್ಮದ ಡಾಕ್ಟರ್ ಕೃಪಾ ಅವರ ಬಳಿ ಹೋಗಿದ್ದೆ. ನಿನ್ನ ಮೊಣಕೈ, ಬೆನ್ನಿನ ಫೋಟೊ ತೋರಿಸಿದೆ. ಹೋದ ವರ್ಷ ತೀರಿಕೊಂಡ ಅವ್ವನಿಗೂ ಹೀಗೇ ಕೆಂಪು ಕಲೆ, ಬಿಳಿ ಹೊಟ್ಟು ಇತ್ತು, ಕಡೆಯವರೆಗೂ ಬೇರೆ ಗಂಗಾಳದಲ್ಲೇ ಉಂಡಳು ಎಂದೆ. ಸೋರಿಯಾಸಿಸ್ ಇದ್ದಂತಿದೆ ಎಂದರು. ಮೈಯೊಳಗಿನ ಕಾವಲು ಕಣಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಅಣುಗಳನ್ನು ಬಿಡುತ್ತವಂತೆ, ಅವಕ್ಕೆ ಸೈಟೊಕೈನ್ ಎಂದರು. ನನಗೆ ಸೈರನ್ ಎಂದು ಕೇಳಿಸಿತು.

"ಗೊತ್ತೈತ್ರೀ ಮೇಡಂ, ನಮ್ಮ ಫ್ಯಾಕ್ಟರಿದಾಗೂ ಐತಿ. ಬೆಂಕಿ ಇಲ್ದಾಗೂ ಹೊಡ್ಕೋತೈತಿ, ನಾವೆಲ್ಲಾ ಓಡಿ ಒಬ್ಬರನ್ನೊಬ್ಬರು ತುಳೀತೀವಿ," ಎಂದುಬಿಟ್ಟೆ.

ಅವರು ಮೇಜು ಬಡಿದು ನಕ್ಕರು. "ಅಯ್ಯೋ ಅಕ್ಕ, ನಮ್ ಕಾಲೇಜಲ್ಲೂ ಯಾರೂ ಇಷ್ಟು ಚೆನ್ನಾಗಿ ಹೇಳ್ಕೊಟ್ಟಿಲ್ಲ ಕಣ್ರೀ! ಅದೇ ಆಗ್ತಿರೋದು. ಬೆಂಕಿನೇ ಇಲ್ಲ, ಸೈರನ್ ನಿಲ್ತಿಲ್ಲ. ಚರ್ಮ ಗಾಬರಿಯಾಗಿ ತಿಂಗಳ ಕೆಲಸ ವಾರದೊಳಗೆ ಮಾಡುತ್ತೆ, ಅದೇ ಹೊಟ್ಟಾಗಿ ಉದುರೋದು."

ವಂಶದಲ್ಲಿ ಬರಬಹುದು, ಮುಟ್ಟಿದರೆ ಬರುವುದಿಲ್ಲ ಎಂದರು. ಪೂರ್ತಿ ಹೋಗುತ್ತದೆಂದು ಮಾತು ಕೊಡಲಿಲ್ಲ. ಆದರೆ ಮುಲಾಮಿದೆ, ಅದಕ್ಕೆ ಬಗ್ಗದಿದ್ದರೆ ಆ ಸೈರನ್ನನ್ನೇ ತಡೆಯುವ ಇಂಜೆಕ್ಷನ್ನೂ ಇದೆಯಂತೆ! ಯಾವುದೆಂದು ನಿನ್ನನ್ನು ನೋಡಿಯೇ ಹೇಳುತ್ತಾರೆ.

ಗುರುವಾರ ಬಾ. ಕಾಡುಗೋಡಿಯಿಂದ ಬಸ್ಸಿನಲ್ಲಿ ದೂರವಾದರೂ ಕೂಸನ್ನು ಕಂಕುಳಲ್ಲಿಟ್ಟುಕೊಂಡೇ ಬಾ. ಮೂರು ತಿಂಗಳಿಂದ ಅದು ಮನೆ ಓನರ್ ಕೃಷ್ಣಮ್ಮನವರ ತೊಡೆಯ ಮೇಲೇ ಬೆಳೆಯುತ್ತಿದೆ. ನೀನು ಬಾಗಿಲಲ್ಲಿ ನಿಂತು ನೋಡಿದ್ದು ಸಾಕು.

ಅವ್ವ ಹೋದಾಗಿನಿಂದ ಡೈರಿಯಲ್ಲಿ ದಿನಾ ಅವಳಿಗೇ ಬರೆಯುತ್ತಿದ್ದೆ. ಇವತ್ತಿನದು ನಿನಗೆ.

ನಿನ್ನ ಅಕ್ಕ,
ಮಹಾನಂದಾ

ಇನ್ನೊಂದು ಮಾತು. ಅವ್ವನ ಗಂಗಾಳ ಬೇರೆ ಮಾಡಿದವಳು ಸಿದ್ದಮ್ಮತ್ತೆ ಎಂದು ನಿನಗೆ ಹೇಳುತ್ತಾ ಬಂದೆ. ಸುಳ್ಳು. ಮಾಡಿದವಳು ನಾನು. ನೀನಾಗ ಅಂಬೆಗಾಲಿಡುತ್ತಿದ್ದೆ, ನಿನಗೆ ಅಂಟೀತೆಂದು ಹೆದರಿದ್ದೆ. ನಿನ್ನನ್ನು ಅವಳ ತೊಡೆಯಿಂದ ಎತ್ತಿಕೊಂಡು ಹೋದವಳೂ ನಾನೇ. ಆ ಗಂಗಾಳ ನನ್ನ ಹತ್ತಿರವೇ ಇದೆ, ಇವತ್ತು ತಿಕ್ಕಿ ಇಟ್ಟಿದ್ದೇನೆ. ಗುರುವಾರ ನೀನು, ನಾನು, ಕೂಸು ಮೂವರೂ ಅದರಲ್ಲೇ ಉಣ್ಣೋಣ.