ಹೆಂಗಸಿನ ಹಲ್ಲಿನಲ್ಲಿ ಸಿಕ್ಕ ಗಂಡಸು

ಪ್ರಾಚೀನ ಡಿಎನ್‌ಎ ಪ್ರಯೋಗಾಲಯದ ನಿರ್ದೇಶಕರಿಗೆ,

ಮಾನ್ಯರೇ,

ಸೋಮವಾರ ತಾವು ಪುಡಿ ಮಾಡಿಸಲು ಹೊರಟಿರುವುದು ಪ್ರಾಚೀನ ಸಮಾಧಿಯಲ್ಲಿ ಸಿಕ್ಕ ಆ ಮಗುವಿನ ಕೊನೆಯ ಹಲ್ಲು. ಅದನ್ನು ತಪ್ಪು ವಿಧಾನಕ್ಕೆ ಬಲಿ ಕೊಡಬೇಡಿ ಎಂದು ತಮ್ಮ ಕೋಣೆಗೇ ಬಂದು ಬೇಡಿಕೊಂಡೆ. ತಾವು ಕಿವಿಗೆ ಹಾಕಿಕೊಳ್ಳಲಿಲ್ಲ. ಈಗ ಊರಿಗೆಲ್ಲ ಕೇಳುವಂತೆ ಹೇಳುತ್ತಿದ್ದೇನೆ.

ಸಾವಿರಾರು ವರ್ಷ ಮಣ್ಣಿನಲ್ಲಿದ್ದ ಡಿಎನ್‌ಎ ಚೂರುಚೂರಾಗಿರುತ್ತದೆ, ಚೂರುಗಳ ತುದಿ ಸವೆದಿರುತ್ತದೆ. ಯಂತ್ರ ಓದುವ ಮೊದಲು ಅದನ್ನು ಸಿದ್ಧಪಡಿಸಲು ನಮ್ಮಲ್ಲಿ ಎರಡು ದಾರಿಗಳಿವೆ. ಜೋಡಿ ಎಳೆಗಳನ್ನು ಹಾಗೇ ಹಿಡಿಯುವುದು ಅಗ್ಗ, ಬೇಗ. ಆದರೆ ಸಣ್ಣ ಚೂರುಗಳು ಕೈತಪ್ಪುತ್ತವೆ. ಎಳೆ ಬಿಡಿಸಿ ಒಂದೊಂದನ್ನೇ ಹಿಡಿಯುವುದು ನಿಧಾನ, ದುಬಾರಿ; ಆದರೆ ಪುಡಿಪುಡಿಯಾದದ್ದೂ ಸಿಗುತ್ತದೆ. ಎರಡನ್ನೂ ಹೋಲಿಸಲು, ಮಗುವಿನ ಜೊತೆ ಅದೇ ಸಮಾಧಿಯಲ್ಲಿದ್ದ ಹೆಂಗಸಿನ ಹಲ್ಲನ್ನು ಬಳಸಿದೆವು. ಅಗ್ಗದ ವಿಧಾನದಲ್ಲಿ ಮನುಷ್ಯರ ಡಿಎನ್‌ಎ ರಾಶಿ ಬಂತು. ತಾವು ಕೂಡಲೇ ಪತ್ರಿಕೆಯವರನ್ನು ಕರೆದು ಅದೇ ಗೆದ್ದಿತೆಂದು ಸಾರಿದಿರಿ.

ಒಂದೇ ತೊಡಕು. ಬಂದದ್ದು ಗಂಡಸಿನ ಡಿಎನ್‌ಎ.

"ಸರ್, ಹಲ್ಲು ಹೆಂಗಸಿಂದು," ಎಂದೆ.

"ಹಾಗಾದ್ರೆ ಹೆಂಗಸು ಅಂದೋರ್ದೇ ತಪ್ಪು. ತಿದ್ಬಿಡಿ," ಎಂದಿರಿ.

ಆಹಾ, ಎಂಥ ವಿದ್ವತ್ತು! ಸೊಂಟದ ಮೂಳೆ ನೋಡಿ ಹೆಂಗಸು ಎಂದವರೆಲ್ಲ ದಡ್ಡರು, ಅಲ್ಲವೇ? ಆ ಗಂಡಸಿನ ಎಳೆಗಳು ಉದ್ದುದ್ದ ಇವೆ, ತುದಿ ಒಂದಿಷ್ಟೂ ಸವೆದಿಲ್ಲ. ಎಂದರೆ ಆಸಾಮಿ ಇನ್ನೂ ಬದುಕಿದ್ದಾನೆ. ಇನ್ನೊಂದು ವಿಧಾನದಲ್ಲೂ ಅವನಿದ್ದ. ಆದರೆ ಜೊತೆಗೆ ಸವೆದ ತುದಿಯ ಸಣ್ಣ ಚೂರುಗಳೂ ಸಿಕ್ಕಿದವು. ಅವು ಹೆಂಗಸಿನವು. ಪ್ರಯೋಗಾಲಯದ ಉದ್ಘಾಟನೆಯ ದಿನ ಕ್ಯಾಮೆರಾ ಮುಂದೆ, ಕೈಗವಸಿಲ್ಲದೆ ಆ ಹಲ್ಲನ್ನು ಬಾಯಿಯ ಹತ್ತಿರ ಹಿಡಿದು ಭಾಷಣ ಬಿಗಿದವರು ಯಾರು? ಮಾನ್ಯರೇ, ತಾವು ಗೆಲ್ಲಿಸಿದ್ದು ತಮ್ಮ ಎಂಜಲನ್ನು.

ಆ ಸಮಾಧಿ ಅಗೆದ ನನ್ನ ಗೆಳತಿ ವಾರವಾರ ಫೋನ್ ಮಾಡುತ್ತಾಳೆ. "ಅವ್ಳು ಮಗೂನ ತಬ್ಕೊಂಡೇ ಮಲಗಿದ್ಲು ಕಣೆ. ತಾಯಿನಾ ಅಲ್ವಾ, ಅಷ್ಟು ಹೇಳ್ಬಿಡು ಸಾಕು." ಏನು ಹೇಳಲಿ? ತಾಯಿಯ ವಿಷಯ ಗೊತ್ತಿಲ್ಲ, ತಂದೆಯ ಜಾಗಕ್ಕೆ ನಮ್ಮ ನಿರ್ದೇಶಕರು ಬಂದಿದ್ದಾರೆ ಎನ್ನಲೇ? ನಗು ಬರುತ್ತದೆ, ಆಮೇಲೆ ಸಿಟ್ಟು.

ಮಗುವಿನ ಹಲ್ಲನ್ನು ಒಂದೊಂದೇ ಎಳೆ ಹಿಡಿಯುವ ವಿಧಾನಕ್ಕೆ ಒಪ್ಪಿಸಿ. ಅದನ್ನು ಪುಡಿ ಮಾಡುವ ಕೋಣೆಯ ಹೊಸ್ತಿಲು ತುಳಿಯಬೇಡಿ. ಹೋಲಿಸಿ ನೋಡಲು ತಮ್ಮ ಜೊಲ್ಲು ಒಂದು ಹನಿ ಕೊಡಿ. ನಾನು ಹೇಳಿದ್ದು ಸುಳ್ಳಾದರೆ ಎಲ್ಲರೆದುರು ಕ್ಷಮೆ ಕೇಳುತ್ತೇನೆ. ಅಲ್ಲಿಯವರೆಗೆ ಹಲ್ಲು ಕೊರೆದು ಪುಡಿ ತೆಗೆಯುವ ಕೆಲಸ ನನ್ನದು, ಮತ್ತು ನಾನು ಕೊರೆಯುವುದಿಲ್ಲ.

ಇಂತಿ,
ಮಂಗಳವಾರದಿಂದ ಬಹುಶಃ ಕೆಲಸವಿಲ್ಲದ,
ತಮ್ಮದೇ ಪ್ರಯೋಗಾಲಯದ ಸಂಶೋಧಕಿ