ಕೊನೆ ಮುಟ್ಟದ ನಾಬುಗಳು

ಕಾರ್ಡೆಲ್,

'ಪ್ರೀತಿಯ' ಎಂದು ಬರೆಯಲು ಇವತ್ತು ಕೈ ಬರುತ್ತಿಲ್ಲ. ಹದಿನಾಲ್ಕು ವರ್ಷ ಒಂದೇ ಮೇಜಿನ ಹಿಂದೆ ನಿಂತು ಜನರನ್ನು ಕುಣಿಸಿದವರು ನಾವು. ಆ ಋಣಕ್ಕಾಗಿ ಹೆಸರನ್ನಾದರೂ ಬರೆದಿದ್ದೇನೆ.

ನನ್ನ ದೃಷ್ಟಿ ಪೂರ್ತಿ ಹೋಗಿ ಮೂರು ವರ್ಷವಾಯಿತು. ಆಮೇಲೂ ಡೆಟ್ರಾಯ್ಟಿನಲ್ಲಿ ಯಾರು ಕರೆದರೂ ಡಿಜೆ ಮಾಡಿದ್ದೇನೆ. ಹಾಡು ಬೆರೆಸುವ ನನ್ನ ಹಳೇ ಕಂಟ್ರೋಲರಿನ ನಾಬನ್ನು, ಆ ತಿರುಗುಗುಂಡಿಯನ್ನು, ಎಡಕ್ಕೆ ತಿರುಗಿಸಿದರೆ ಒಂದು ಕಡೆ ಗಟ್ಟಿಯಾಗಿ ನಿಲ್ಲುತ್ತಿತ್ತು. ಬೇಸ್, ಎದೆಗೆ ಗುದ್ದುವ ಆ ದಪ್ಪ ದನಿ, ಪೂರ್ತಿ ಇಳಿಯಿತೆಂದು ಬೆರಳಿಗೆ ಗೊತ್ತಾಗುತ್ತಿತ್ತು. ನೀನು ರಿಪೇರಿಗೆಂದು ಒಯ್ದು, ಹೇಳದೆ ಕೇಳದೆ ಎಂಟೂ ನಾಬ್ ಕಿತ್ತು, ಎಷ್ಟು ತಿರುಗಿಸಿದರೂ ಕೊನೆ ಮುಟ್ಟದ ಎನ್‌ಕೋಡರುಗಳನ್ನು ಕೂರಿಸಿದೆ. ಎಷ್ಟು ತಿರುಗಿತೆಂದು ತಿಳಿಯಲು ಸುತ್ತಲಿನ ಪುಟ್ಟ ದೀಪಗಳನ್ನು ನೋಡಬೇಕಂತೆ. ಕುರುಡಿಗೆ ದೀಪ!

ಮಿಸ್ ಆರ್ನೆಟಾ ಅವರ ಎಂಬತ್ತನೇ ಹುಟ್ಟುಹಬ್ಬದ ಮಧ್ಯಾಹ್ನ ಬೀದಿಯವರೆಲ್ಲ ಸೇರಿದ್ದರು. ನೀನು ಕಂಟ್ರೋಲರನ್ನು ವಾಪಸ್ ತಂದಿಟ್ಟದ್ದೇ ಆಗ. ಬೇಸ್ ಇಳಿಸಲು ಹೋದೆ. ತಿರುಗಿಸಿದೆ, ತಿರುಗಿಸಿದೆ, ನಾಬು ನಿಲ್ಲಲೇ ಇಲ್ಲ. ಮತ್ತೆ ಏರಿಸುವಾಗ ಅಳತೆ ಸಿಗದೆ ಸ್ಪೀಕರು ಗೊರಗೊರ ಎಂದಿತು. ಕುಣಿಯುತ್ತಿದ್ದವರು ನಿಂತುಬಿಟ್ಟರು. ನೀನು ನನ್ನ ಕೈ ಸರಿಸಿ, ಮೈಕು ಆನ್ ಇರುವಾಗಲೇ ಅಂದೆ: "ಬಿಡೇ ವರ್ನಿಟಾ, ಇನ್ಮೇಲೆ ನಿನ್ ಕೈಲಿ ಆಗಲ್ಲ."

ಮಿಸ್ ಆರ್ನೆಟಾ ಕುರ್ಚಿಯಿಂದಲೇ ಗದರಿದರು: "ಲೋ ಅಧಿಕಪ್ರಸಂಗಿ, ಅವಳ ಕೈ ಬಿಡೋ! ನಾನು ಕರ್ದಿದ್ದು ಅವಳನ್ನ!"

ಆದರೂ ನಾನು ಮೇಜು ಬಿಟ್ಟು ಹೋದೆ. ಆ ಅವಮಾನ ಇನ್ನೂ ಮೈ ಸುಡುತ್ತಿದೆ.

"ಒಳ್ಳೇದಕ್ಕೇ ಮಾಡ್ದೆ ಕಣೇ, ಒಂದು ಹಾಡಿನ ಡೆಕ್ಕಿಂದ ಇನ್ನೊಂದಕ್ಕೆ ಹೋದಾಗ ಸೌಂಡು ಎಗರಲ್ಲ" ಎಂದು ನೀನು ಆಮೇಲೆ ಹೇಳಿದೆ. ನಿಜ, ಹಳೇ ನಾಬಿಗೆ ಆ ರೋಗವಿತ್ತು. ಆದರೆ ಬೆರಳು ನನ್ನದು, ಕಾರ್ಡೆಲ್. ನನ್ನನ್ನು ಕೇಳಬೇಕಿತ್ತು.

ಹನ್ನೊಂದು ದಿನ ಪರದೆಯ ಮೇಲಿನದನ್ನು ಕಂಪ್ಯೂಟರಿನಿಂದಲೇ ಗಟ್ಟಿಯಾಗಿ ಓದಿಸಿಕೊಂಡು ಒಬ್ಬಳೇ ಕೂತೆ. ಎನ್‌ಕೋಡರ್ ತಿರುಗುವಾಗ ಬೆರಳಡಿ ಸಣ್ಣ ಟಿಕ್ ಸಿಗುತ್ತದೆ. ನಾಬನ್ನು ಒತ್ತಿದರೆ ಬೇಸ್ ನಡುಮಟ್ಟಕ್ಕೆ ಬರುವಂತೆ ಮಾಡಿದೆ. ಅಲ್ಲಿಂದ ಎಡಕ್ಕೆ ಹನ್ನೆರಡು ಟಿಕ್ ಎಣಿಸಿದರೆ ಬೇಸ್ ಮಾಯ. ನಿನ್ನೆ ಸ್ಕೇಟಿಂಗ್ ಅಂಗಳದಲ್ಲಿ ಮೂರು ಗಂಟೆ ನುಡಿಸಿದೆ. ಒಂದು ಸಲವೂ ತಪ್ಪಲಿಲ್ಲ. ನೀನು ಐದು ನಿಮಿಷ ಕೂತು ಕೇಳಿದ್ದರೆ ಇದನ್ನು ಇಬ್ಬರೂ ಒಂದೇ ಮಧ್ಯಾಹ್ನದಲ್ಲಿ ಮುಗಿಸುತ್ತಿದ್ದೆವು. ಅದನ್ನು ನೆನೆದಾಗಲೆಲ್ಲ ಸಿಟ್ಟು ಇಮ್ಮಡಿಯಾಗುತ್ತದೆ.

ಮುಂದಿನ ಭಾನುವಾರದ ಪೋಸ್ಟರಿನಲ್ಲಿ ನನ್ನ ಹೆಸರೊಂದೇ ಇದೆ. ಬರಬೇಕೆನಿಸಿದರೆ ಬಾ. ಕುಣಿಯುವವರ ನಡುವೆ ನಿಲ್ಲು. ಮೇಜಿನ ಹಿಂದೆ ಮಾತ್ರ ಕಾಲಿಡಬೇಡ.

ನಿನ್ನ ಕಣ್ಣು ನೂರು ವರ್ಷ ಚೆನ್ನಾಗಿರಲಿ.

ಇನ್ನೂ ಸಿಟ್ಟಿನಲ್ಲೇ ಇರುವ,
ವರ್ನಿಟಾ