ಹಾಜರಿ ಹಾಳೆ

ಗುರುವಾರ, ಕಚೇರಿಯಲ್ಲಿ ಊಟದ ಬಿಡುವು

ಅಕ್ಕಾ,

ಅವತ್ತು ಸಭಾಂಗಣದ ಮೆಟ್ಟಿಲಿಳಿಯುವಾಗ ನೀನು ಅಂದದ್ದು "ಸದ್ಯ, ಬರ್ಕೊಳ್ಳೋನು ನಮ್ಮವನೇ" ಅಂತಲೋ, "ನಮ್ಮವನೇ ಇದ್ದಾನಲ್ಲ" ಅಂತಲೋ. ಸರಿಯಾಗಿ ನೆನಪಾಗುತ್ತಿಲ್ಲ. ಸಭೆಯ ನಡಾವಳಿ ಬರೆಯುವವನಿಗೆ ನೆನಪಿರಬೇಕಿತ್ತು.

ನಿನ್ನ ಕಾಗದ ಬಂತು. ನಮ್ಮ ಪುರಸಭೆಯನ್ನು ಪಕ್ಕದ ನಗರಪಾಲಿಕೆಗೆ ಸೇರಿಸಿದ ಆದೇಶದಲ್ಲಿ ‘ಸಾರ್ವಜನಿಕರಿಂದ ಆಕ್ಷೇಪಣೆ ಬಂದಿಲ್ಲ’ ಎಂದು ಹೇಗೆ ಬಂತೆಂದು ಕೇಳಿದ್ದೀಯ. ಸೇರಿಸಿದ್ದರಿಂದ ನಮ್ಮೂರ ಹೆರಿಗೆ ಆಸ್ಪತ್ರೆ ಈ ತಿಂಗಳ ಕೊನೆಗೆ ಮುಚ್ಚುತ್ತದೆ. ಇನ್ನು ಬಸುರಿಯರು ಎರಡು ಬಸ್ಸು ಬದಲಿಸಿ ಹೋಗಬೇಕು. ಇಪ್ಪತ್ತಾರು ವರ್ಷ ಅಲ್ಲಿ ದಾದಿಯಾಗಿದ್ದವಳು ನೀನು, ಅದನ್ನೇ ಅವತ್ತಿನ ಸಾರ್ವಜನಿಕ ಸಭೆಯಲ್ಲಿ ಎದ್ದು ನಿಂತು ಹೇಳಿದೆ. "ಇನ್ಮೇಲೆ ಬಸ್ಸಿನ ಟೈಮ್ ನೋಡ್ಕೊಂಡು ನೋವು ತಿನ್ಬೇಕಾ ಸ್ವಾಮಿ" ಎಂದಾಗ ಅಧ್ಯಕ್ಷರೂ ನಕ್ಕರು. ಆಮೇಲೆ, ನಗಬಾರದಿತ್ತೇನೋ ಎಂಬಂತೆ ಕಾಗದಗಳನ್ನು ಸರಿಪಡಿಸಿಕೊಂಡರು.

ನಮ್ಮಲ್ಲೊಂದು ರೂಢಿಯಿದೆ. ನಡಾವಳಿ ಸಭೆಯ ಹಿಂದಿನ ದಿನವೇ ಟೈಪಾಗುತ್ತದೆ. ಸಭೆ ಮುಗಿದ ಸಮಯಕ್ಕೆ ಮಾತ್ರ ಜಾಗ ಬಿಟ್ಟಿರುತ್ತೇನೆ. ಚಹಾ ಕುಡಿದವರು ಸಹಿಗೆ ನಿಲ್ಲುವುದಿಲ್ಲ. ಹಾಗಾಗಿ ಬಂದವರಿಂದೆಲ್ಲ ಬಾಗಿಲಲ್ಲೇ ಹಾಜರಿ ಹಾಳೆಗೆ ಸಹಿ ಹಾಕಿಸಿ, ಅದನ್ನೇ ನಡಾವಳಿಯ ಕೊನೆಯ ಪುಟವಾಗಿ ಸೇರಿಸುವುದು. ಹದಿನಾಲ್ಕು ವರ್ಷದಿಂದ ಇದರಲ್ಲಿ ತಪ್ಪೇನೂ ಆಗಿರಲಿಲ್ಲ. ಯಾರೂ ಎದ್ದು ಮಾತಾಡಿರಲಿಲ್ಲ, ಅಷ್ಟೆ.

ನಿನ್ನ ಮಾತನ್ನು ಎರಡು ಹಾಳೆಯಲ್ಲಿ ಬರೆದು ನಮ್ಮ ಮುಖ್ಯಾಧಿಕಾರಿ ಸಾಹೇಬರ ಮುಂದಿಟ್ಟೆ. ಪೂರ್ತಿ ಓದಿದರು. "ಚೆನ್ನಾಗಿ ಮಾತಾಡಿದ್ದಾರೆ ರೀ ನಿಮ್ಮಕ್ಕ. ಆದ್ರೆ ಸಹಿ ಆಗೋಯ್ತಲ್ಲ, ಅಷ್ಟೂ ಜನರನ್ನ ಮತ್ತೆ ಎಲ್ಲಿಂದ ಹಿಡ್ಕೊಂಡು ಬರ್ತೀರಿ?" ಎಂದರು. ಆಗಲೇ ಕಡತ ಕಟ್ಟಿ ಮೇಲಕ್ಕೆ ಕಳಿಸಿಬಿಟ್ಟರು. ಆ ಎರಡು ಹಾಳೆ ನನ್ನ ಮೇಜಿನ ಖಾನೆಯಲ್ಲಿವೆ. ಇದರ ಜೊತೆ ಕಳಿಸೋಣ ಎಂದುಕೊಂಡೆ. ನೀನಾಡಿದ ಮಾತನ್ನು ನಿನಗೇ ಕಳಿಸಿ ಏನು ಮಾಡುವುದು.

ಮೇಲ್ಮನವಿ ಹಾಕುತ್ತೇನೆ, ನಡಾವಳಿಯ ಪ್ರತಿ ಕಳಿಸು ಎಂದಿದ್ದೀಯ. ಬೇಡ ಅಕ್ಕಾ. ಸುಮ್ಮನೆ ಅಲೆದಾಟ. ನಿನ್ನ ಮಂಡಿ ನೋವು ಹೇಗಿದೆ ಬರೆ.

ನಿನ್ನ
ತಮ್ಮ

ಇನ್ನೊಂದು: ಪ್ರತಿ ಬೇಡ ಎಂದದ್ದು ಮಂಡಿ ನೋವಿಗಲ್ಲ. ಕೊನೆಯ ಪುಟದಲ್ಲಿ, ‘ಮೇಲಿನ ನಡಾವಳಿಯನ್ನು ಒಪ್ಪಿದ್ದೇವೆ’ ಎಂಬ ಸಾಲಿನ ಕೆಳಗೆ ಒಂಬತ್ತನೆಯ ಸಹಿ ನಿನ್ನದು. ಬಾಗಿಲಲ್ಲಿ ನೀನು "ತಾಳು, ಕನ್ನಡಕ ಚೀಲದಲ್ಲಿದೆ" ಅಂದೆ. ನಾನು ಬೆರಳಿಟ್ಟು ಜಾಗ ತೋರಿಸಿದೆ. ಬೇರೆ ಯಾರಾದರೂ ಪೆನ್ನು ಕೊಟ್ಟಿದ್ದರೆ, ಓದದೆ ಸಹಿ ಹಾಕುತ್ತಿದ್ದೆಯಾ ಅಕ್ಕಾ?